ಗಂಡಭೇರುಂಡದ ಜಾಡಿನಲ್ಲಿ

ಎಂದೂ ಹುಟ್ಟದ, ಯಾವ ಮರದಲ್ಲಿಯೂ ಗೂಡು ಕಟ್ಟದ ಹಕ್ಕಿಯೊಂದು ಕನ್ನಡ ನಾಡಿನಲ್ಲಿ ಸುಮಾರು ಸಾವಿರ ವರ್ಷಗಳಿಂದ ಬಾಳಿ ಬಂದಿದೆ. ಅದು ಕಲ್ಲುಕಂಬದ ಒಡೆಯನಾಗಿ ನಿಂತಿದೆ. ಗುಡಿಯ ಗೋಡೆಯಲ್ಲಿ ಬೇಟೆಯಾಡಿದೆ. ಚಿನ್ನದ ನಾಣ್ಯದ ಮೇಲೆ ಅಂಗೈಯೊಳಗೆ ಅಡಗುವಷ್ಟು ಕಿರಿದಾಗಿ ಕುಳಿತಿದೆ. ಅರಸರ ಬಿರುದುಗಳಲ್ಲಿ ಮೊಳಗಿದೆ. ದೇಹ ಒಂದು, ತಲೆ ಎರಡು. ಒಂದು ಕೊಕ್ಕು ಎಡಕ್ಕೆ, ಇನ್ನೊಂದು ಬಲಕ್ಕೆ. ಇದೇ ಗಂಡಭೇರುಂಡ. ಕರ್ನಾಟಕ ಸರ್ಕಾರದ ಮುದ್ರೆಯ ನಡುವೆ ಇಂದು ರೆಕ್ಕೆ ಹರಡಿ ನಿಂತಿರುವುದೂ ಇದೇ.

ಗಡಿಯ ಈಚೆಗೆ ನೆಲೆಸಿರುವ ನಮ್ಮಂತಹ ಕನ್ನಡ ಕುಟುಂಬಗಳಿಗೆ ಈ ಹಕ್ಕಿಯ ದರ್ಶನವು ಹೆಚ್ಚಾಗಿ ಆಗುವುದು ಬಸ್ ನಿಲ್ದಾಣದಲ್ಲಿ. ಮಡಕಶಿರಾ, ರಾಯದುರ್ಗ, ಹೊಸೂರು, ಕಾಸರಗೋಡು, ಸೊಲ್ಲಾಪುರ, ಎಲ್ಲಿಗೇ ಆಗಲಿ ಕರ್ನಾಟಕದ ಸರ್ಕಾರಿ ಬಸ್ಸು ಬಂದು ನಿಂತರೆ ಅದರ ಲಾಂಛನದಲ್ಲಿ ಈ ಎರಡು ತಲೆಯ ಪಕ್ಷಿಯೂ ಬಂದಿಳಿಯುತ್ತದೆ. ನಮ್ಮ ಶಾಲೆಯ ಮಕ್ಕಳು ಅದನ್ನು ಚೆನ್ನಾಗಿ ಬಲ್ಲರು. ಆದರೆ ಅದು ಏನು, ಎಲ್ಲಿಂದ ಬಂತು, ಏನನ್ನು ಹೇಳುತ್ತದೆ ಎಂದು ಕೇಳಿದರೆ ಮಕ್ಕಳಷ್ಟೇ ಅಲ್ಲ, ಅವರ ತಂದೆತಾಯಿಯರೂ ಮೌನ ತಾಳುತ್ತಾರೆ. ಆದಕಾರಣ ಈ ಬಾರಿಯ ಶಾಲಾ ಪ್ರವಾಸವನ್ನು ಈ ಹಕ್ಕಿಯ ಜಾಡು ಹಿಡಿದೇ ಕೈಗೊಳ್ಳಬೇಕೆಂದು ನಾವು ನಿಶ್ಚಯಿಸಿದೆವು. ಮೇಲ್ತರಗತಿಯ ಮಕ್ಕಳು, ಉಪಾಧ್ಯಾಯರು, ಕೆಲವು ಪೋಷಕರು ಕೂಡಿ ಬಾಡಿಗೆಯ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟೆವು. ಮಡಕಶಿರಾ ಸೀಮೆಯಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯನ್ನು ಮುಟ್ಟುವುದು ನಮ್ಮ ಮೊದಲ ಗುರಿಯಾಗಿತ್ತು. ಶೇಂಗಾ ಹೊಲಗಳ ಒಣ ಬಯಲು ಕಳೆದು, ಅಡಕೆಯ ತೋಟಗಳ ತಂಪು ಮುಖಕ್ಕೆ ತಾಕುವ ಹೊತ್ತಿಗೆ ಮಕ್ಕಳ ಕಣ್ಣುಗಳು ಕಿಟಕಿಯನ್ನು ಬಿಟ್ಟು ಕದಲಲಿಲ್ಲ.

ಹೆಸರಿನ ಅರ್ಥ

ದಾರಿಯುದ್ದಕ್ಕೂ ಮಕ್ಕಳಿಗೆ ಹೆಸರಿನ ವಿಷಯವನ್ನು ತಿಳಿಸುತ್ತ ಹೋದೆವು. ‘ಭೇರುಂಡ’ ಎಂಬುದು ಸಂಸ್ಕೃತದ ಮಾತು. ಭಯಂಕರವಾದದ್ದು ಎಂಬ ಅರ್ಥವೂ ಅದಕ್ಕುಂಟು, ಒಂದು ಬಗೆಯ ಪಕ್ಷಿ ಎಂಬ ಅರ್ಥವೂ ಉಂಟು. ಅದರ ಹಿಂದೆ ಕನ್ನಡಿಗರು ‘ಗಂಡ’ ಎಂಬ ಮಾತನ್ನು ಸೇರಿಸಿಕೊಂಡರು. ಇಂದು ಆ ಮಾತಿಗೆ ಪತಿ ಎಂಬ ಅರ್ಥವೇ ಮುಂದಾಗಿದ್ದರೂ ಹಳಗನ್ನಡದ ಶಾಸನಗಳಲ್ಲಿ ಅದು ಶೂರ, ಎದೆಗಾರ ಎಂಬ ಅರ್ಥದಲ್ಲಿ ಮೆರೆದಿದೆ. ಹೊಯ್ಸಳರು ‘ಮಲೆಪರೊಳ್ ಗಂಡ’ರೆನಿಸಿಕೊಂಡರು, ವಿಜಯನಗರದ ಅರಸರು ‘ಮೂರುರಾಯರ ಗಂಡ’ರೆನಿಸಿಕೊಂಡರು. ಆ ಸಾಲಿನದೇ ‘ಗಂಡಭೇರುಂಡ’. ಎಂದರೆ ಇದು ಮೊದಲು ಬಿರುದು. ಹಕ್ಕಿಯ ಶೌರ್ಯವನ್ನು ಮನುಷ್ಯನ ಮೇಲೆ ಹೊದಿಸಿದ ಹೆಸರು.

ಎರಡು ತಲೆಯ ಹಕ್ಕಿಯ ಕಲ್ಪನೆ ಕನ್ನಡಿಗರೊಬ್ಬರದೇ ಸ್ವತ್ತಲ್ಲ ಎಂಬುದನ್ನೂ ಹೇಳಬೇಕು. ಇಂದಿನ ತುರ್ಕಿ ದೇಶದಲ್ಲಿ ಬಾಳಿದ ಹಿಟೈಟರು ಮೂರು ಸಾವಿರ ವರ್ಷಗಳಿಗೂ ಹಿಂದೆ ಎರಡು ತಲೆಯ ಗರುಡನನ್ನು ಕಲ್ಲಿನಲ್ಲಿ ಕಡೆದರು. ತಕ್ಷಶಿಲೆಯ ಸಿರ್ಕಪ್ ಎಂಬಲ್ಲಿ ಸರ್ ಜಾನ್ ಮಾರ್ಷಲ್ ಅವರು ಅಗೆಸಿದಾಗ ದೊರೆತ ಸ್ತೂಪದ ಅಡಿಪೀಠವೊಂದರ ಮೇಲೂ ಇಂತಹುದೇ ಹಕ್ಕಿಯಿದೆ. ಅದು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಮುಂದೆ ರಷ್ಯಾ, ಆಸ್ಟ್ರಿಯಾಗಳ ಚಕ್ರವರ್ತಿಗಳೂ ಎರಡು ತಲೆಯ ಗರುಡನನ್ನೇ ತಮ್ಮ ಮುದ್ರೆಯಾಗಿ ಮಾಡಿಕೊಂಡರು. ಪೂರ್ವ, ಪಶ್ಚಿಮ ಎರಡು ದಿಕ್ಕುಗಳನ್ನೂ ಒಂದೇ ವೇಳೆಗೆ ನೋಡುವ, ಎರಡು ಕಡೆಯ ಶತ್ರುಗಳಿಗೂ ಬೆನ್ನು ತೋರದ ರಾಜಶಕ್ತಿಯ ಬಯಕೆ ಎಲ್ಲ ದೇಶಗಳಲ್ಲಿಯೂ ಇದ್ದದ್ದೇ. ಕನ್ನಡ ನಾಡು ಆ ಬಯಕೆಗೆ ತನ್ನದೇ ಆದ ಮೈಯನ್ನು ಕೊಟ್ಟಿತು. ಆ ಮೈಯನ್ನು ನೋಡಬೇಕಾದರೆ ಬಳ್ಳಿಗಾವೆಗೆ ಹೋಗಬೇಕು.

ಬಳ್ಳಿಗಾವೆಯ ಕಂಬ

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪಕ್ಕೆ ಸಮೀಪದಲ್ಲಿರುವ ಬಳ್ಳಿಗಾವೆ ಇಂದು ಒಂದು ಸಣ್ಣ ಹಳ್ಳಿ. ಹಂಚಿನ ಮನೆಗಳು, ಹುಲ್ಲಿನ ಬಣವೆಗಳು, ಬೀದಿಯಲ್ಲಿ ಮಲಗಿದ ದನಗಳು. ಇದೇ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿತ್ತು ಎಂದರೆ ನಂಬುವುದು ಕಷ್ಟ. ಅಲ್ಲಮಪ್ರಭುಗಳ ಹುಟ್ಟೂರು ಇದೆಂದು ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿ ಇಲ್ಲಿಗೆ ದೂರವಲ್ಲ. ಮೂರು ಗರ್ಭಗುಡಿಗಳ ಕೇದಾರೇಶ್ವರ, ಕೆತ್ತನೆಯ ಸೊಬಗಿನ ತ್ರಿಪುರಾಂತಕೇಶ್ವರ ಆ ವೈಭವದ ಸಾಕ್ಷಿಗಳಾಗಿ ನಿಂತಿವೆ.

ಉಪಾಧ್ಯಾಯ ವೃತ್ತಿಯ ನಮಗೆ ಈ ಊರಿನ ಮತ್ತೊಂದು ಸಂಗತಿ ಹೆಚ್ಚು ಪ್ರಿಯವಾದದ್ದು. ಇಲ್ಲಿನ ಕೋಡಿಯ ಮಠದ ಕ್ರಿ.ಶ. 1162ರ ಶಾಸನವು ಆ ಮಠವನ್ನು ವೇದಗಳನ್ನೂ, ಪಾಣಿನಿಯೇ ಮೊದಲಾದವರ ವ್ಯಾಕರಣಗಳನ್ನೂ, ಷಡ್ದರ್ಶನಗಳನ್ನೂ ಕಲಿಸುವ ಸ್ಥಳವೆಂದು ಬಣ್ಣಿಸುತ್ತದೆ. ಅಷ್ಟಕ್ಕೇ ನಿಲ್ಲದೆ ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನವಿಡುವ, ರೋಗಿಗಳಿಗೆ ಔಷಧ ಕೊಡುವ, ಸಕಲ ಜೀವಿಗಳಿಗೂ ಅಭಯ ನೀಡುವ ತಾಣವೆಂದೂ ಹೇಳುತ್ತದೆ. ಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಸೂರಿನಡಿ ಇದ್ದವು. ಇದನ್ನು ಕೇಳಿ ಮಕ್ಕಳು, ನಮ್ಮ ಶಾಲೆಯಲ್ಲಿಯೂ ಮಧ್ಯಾಹ್ನದ ಊಟವಿದೆಯಲ್ಲ ಎಂದು ಹೆಮ್ಮೆಪಟ್ಟರು.

ಊರೊಳಗೆ ನಡೆದು ಭೇರುಂಡೇಶ್ವರ ಕಂಬದ ಬಳಿಗೆ ಬಂದೆವು. ಸುಮಾರು 30 ಅಡಿ ಎತ್ತರದ ಕಲ್ಲುಕಂಬ. ತೆಳ್ಳಗೆ, ನೆಟ್ಟಗೆ, ಒಂದೇ ಕಲ್ಲಿನಲ್ಲಿ ಕಡೆದದ್ದು. ಅದರ ಮೇಲಿನ ಶಾಸನದಂತೆ ಕ್ರಿ.ಶ. 1047ರಲ್ಲಿ, ಚಾಲುಕ್ಯ ಚಕ್ರವರ್ತಿ ಮೊದಲನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಬನವಾಸಿಯನ್ನು ಆಳುತ್ತಿದ್ದ ಚಾಮುಂಡರಾಯರಸನು ಜಗದೇಕಮಲ್ಲೇಶ್ವರ ದೇವರ ಮುಂದೆ ಇದನ್ನು ನಿಲ್ಲಿಸಿದನು. ‘ಗಂಡಭೇರುಂಡ’ ಎಂಬುದು ಅವನದೇ ಬಿರುದು. ತನ್ನ ಬಿರುದನ್ನು ಅವನು ಕಲ್ಲಿನಲ್ಲಿ ಮೂರ್ತಿಗೊಳಿಸಿದನೆನ್ನಬಹುದು.

ಇಲ್ಲಿನ ಭೇರುಂಡನ ರೂಪ ಮಕ್ಕಳನ್ನು ಬೆಚ್ಚಿಬೀಳಿಸಿತು. ಬಸ್ಸಿನ ಲಾಂಛನದಂತೆ ಇದು ಪೂರಾ ಹಕ್ಕಿಯಲ್ಲ. ಮನುಷ್ಯನ ದೇಹಕ್ಕೆ ಹಕ್ಕಿಯ ಎರಡು ತಲೆಗಳು! ನರನೂ ಅಲ್ಲದ, ಪಕ್ಷಿಯೂ ಅಲ್ಲದ ಈ ಬೆರಕೆಯ ರೂಪವನ್ನು ಶಿಲ್ಪಿ ಏಕೆ ಆರಿಸಿದನು? ನಮಗೆ ತೋರುವುದು ಇಷ್ಟು: ಹೊಗಳಿಸಿಕೊಳ್ಳುತ್ತಿದ್ದವನು ಹಕ್ಕಿಯಲ್ಲ, ಮನುಷ್ಯ. ಕಾಲು ನೆಲದ ಮೇಲೆ ಊರಿರಬೇಕು. ನೋಟ ಮಾತ್ರ ಮುಗಿಲಿನಿಂದ ಇಳಿದು ಎರಡು ದಿಕ್ಕನ್ನೂ ಕಾಯಬೇಕು. ಆಳುವವನಲ್ಲಿ ಇರಬೇಕಾದ ಎರಡು ಗುಣಗಳನ್ನು ಒಂದು ಮೈಯಲ್ಲಿ ಕೂಡಿಸಿದರೆ ಆಗುವ ರೂಪ ಇದೇ.

ಇನ್ನೂ ಒಂದು ಮಾತು. ಈ ಸೀಮೆಯ ಶಾಸನಗಳಲ್ಲಿ ಹೊಲಗದ್ದೆಗಳನ್ನು ಅಳೆಯುವ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಹೆಸರು ಬರುತ್ತದೆ. ದಾನಕ್ಕೆ ಬಿಟ್ಟ ಭೂಮಿಯನ್ನು ಇಂತಿಷ್ಟು ಮತ್ತರು ಎಂದು ಆ ಗಳೆಯಿಂದ ಅಳೆದು ಕೊಡುತ್ತಿದ್ದರು. ಶತ್ರುವನ್ನು ಸೀಳುವ ಹಕ್ಕಿಯ ಹೆಸರು ಬಡ ಒಕ್ಕಲಿಗನ ಹೊಲದ ಎಲ್ಲೆಯನ್ನು ನಿರ್ಧರಿಸುವ ಕೋಲಿಗೂ ಬಂತು. ಶೌರ್ಯದ ಗುರುತು ನ್ಯಾಯದ ಗುರುತೂ ಆಯಿತು. ಅಧಿಕಾರಕ್ಕೆ ಗೌರವ ಬರುವುದು ಅದರ ಉಗುರಿನಿಂದಲ್ಲ, ಅದರ ಅಳತೆ ತಪ್ಪದಿರುವುದರಿಂದ. ಗಡಿಕಲ್ಲಿನ ಬೆಲೆ ಗಡಿಯಲ್ಲಿ ಬಾಳುವ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಕೆಳದಿಯ ಚಾವಣಿ, ಅಚ್ಯುತರಾಯನ ನಾಣ್ಯ

ಮರುದಿನ ಸೊರಬದ ಮಾರ್ಗವಾಗಿ ಸಾಗರಕ್ಕೆ ಬಂದು, ಅಲ್ಲಿಂದ ಕೆಲವೇ ಮೈಲಿ ದೂರದ ಕೆಳದಿಗೆ ಹೋದೆವು. ಕೆಳದಿಯ ನಾಯಕರ ಮೊದಲ ನೆಲೆ ಇದು. ಇಲ್ಲಿನ ರಾಮೇಶ್ವರ ದೇವಾಲಯದ ಚಾವಣಿಯಲ್ಲಿ ಗಂಡಭೇರುಂಡವಿದೆ. ಕತ್ತೆತ್ತಿ ಹಿಂದಕ್ಕೆ ಬಾಗಿ ನೋಡಬೇಕು. ಬಳ್ಳಿಗಾವೆಯಲ್ಲಿದ್ದ ಮನುಷ್ಯನ ಮೈ ಇಲ್ಲಿಲ್ಲ. ಭೇರುಂಡವು ಪೂರ್ತಿ ಹಕ್ಕಿಯಾಗಿದೆ. ಈ ಎರಡು ಶಿಲ್ಪಗಳ ನಡುವೆ ಹಲವು ಶತಮಾನಗಳು ಕಳೆದಿವೆ. ಅಷ್ಟರಲ್ಲಿ ನಾಡಿನ ಕಣ್ಣಿಗೆ ಆ ರೂಪ ಪರಿಚಿತವಾಗಿಬಿಟ್ಟಿತ್ತು.

ಈ ಪರಿಚಯಕ್ಕೆ ಕಾರಣರಾದವರಲ್ಲಿ ವಿಜಯನಗರದ ಅಚ್ಯುತದೇವರಾಯನು ಮುಖ್ಯನು. 1529ರಿಂದ 1542ರವರೆಗೆ ಆಳಿದ ಈ ಅರಸನ ಚಿನ್ನದ ನಾಣ್ಯಗಳ ಮೇಲೆ ಗಂಡಭೇರುಂಡವಿದೆ. ಆ ಹಕ್ಕಿ ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಎತ್ತಿ ಹಿಡಿದಿದೆ. ಬೆರಳ ತುದಿಯಗಲದ ಚಿನ್ನದ ಬಿಲ್ಲೆಯ ಮೇಲೆ ಬೆಟ್ಟದಂತಹ ಆನೆಯನ್ನು ಇಲಿಯಂತೆ ತೂಗಾಡಿಸುವ ಹಕ್ಕಿ! ಅಂಗಡಿಯಿಂದ ಅಂಗಡಿಗೆ, ಸಂತೆಯಿಂದ ಸಂತೆಗೆ ಅದು ಹಾರಿತು. ಕಂಬದ ಬಳಿಗೆ ಜನರು ಹೋಗಿ ನೋಡಬೇಕಾಗಿತ್ತು. ನಾಣ್ಯದ ಹಕ್ಕಿಯಾದರೋ ಜನರ ಸೊಂಟದ ಚೀಲಕ್ಕೇ ಬಂದು ಕುಳಿತಿತು.

ನಮ್ಮ ಸೀಮೆಯವರು ಈ ಅರಸನನ್ನು ಮರೆಯುವಂತಿಲ್ಲ. ನಮಗೆ ಸಮೀಪದ ಲೇಪಾಕ್ಷಿಯ ವೀರಭದ್ರ ದೇವಾಲಯವು ರೂಪುಗೊಂಡದ್ದು ಇವನ ಕಾಲದಲ್ಲಿಯೇ. ಅಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ತೆಲುಗು ಮಾತಾಡುವ ಊರಿನ ಗುಡಿಯಲ್ಲಿ ಕನ್ನಡ ಬರಹ; ಇದರಿಂದ ಆ ಕಾಲದ ಯಾರಿಗೂ ಕಸಿವಿಸಿಯಾದಂತೆ ತೋರುವುದಿಲ್ಲ. ಎರಡು ನುಡಿಗಳ ಅರಸುತನಕ್ಕೆ ಎರಡು ತಲೆಯ ಹಕ್ಕಿ ತಕ್ಕ ಮುದ್ರೆಯೇ ಆಗಿತ್ತು.

ವಿಜಯನಗರದ ತರುವಾಯ ಮೈಸೂರಿನ ಒಡೆಯರು ಈ ಲಾಂಛನವನ್ನು ಎತ್ತಿಕೊಂಡರು. ಅವರಿಂದ ಅದು ಮೈಸೂರು ಸಂಸ್ಥಾನಕ್ಕೂ, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಗೂ, ಕೊನೆಗೆ ಇಂದಿನ ಕರ್ನಾಟಕ ರಾಜ್ಯಕ್ಕೂ ಸಂದಿತು. ಅರಸರು ಹೋದರು, ಅರಮನೆಗಳು ಪ್ರದರ್ಶನ ಶಾಲೆಗಳಾದವು. ಹಕ್ಕಿ ಮಾತ್ರ ಪ್ರಜೆಗಳ ಸರ್ಕಾರದ ಕಾಗದಪತ್ರಗಳ ಮೇಲೆ ಉಳಿದುಕೊಂಡಿತು.

ಬೇಲೂರಿನ ಸರಪಣಿ

ಸಾಗರದಿಂದ ಶಿವಮೊಗ್ಗ, ತರೀಕೆರೆ, ಚಿಕ್ಕಮಗಳೂರುಗಳನ್ನು ಹಾದು ಬೇಲೂರನ್ನು ಸೇರಿದೆವು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯನ್ನು ಕುರಿತು ಬರೆಯದವರಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದ ಮೇಲಂತೂ ಯಾತ್ರಿಕರ ದಟ್ಟಣೆ ಬಹಳ. ಮದನಿಕೆಯರ ಮುಂದೆ ಎಲ್ಲರೂ ನೆರೆದಿದ್ದಾಗ ನಾವು ಮಕ್ಕಳನ್ನು ಕರೆದುಕೊಂಡು ಹೋದದ್ದು ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಒಂದು ಶಿಲ್ಪದ ಬಳಿಗೆ.

ಅದೊಂದು ಬೇಟೆಯ ಸರಪಣಿ. ಹಾವು ಒಂದು ಕಿರುಪ್ರಾಣಿಯನ್ನು ನುಂಗುತ್ತಿದೆ. ಆ ಹಾವನ್ನು ಆನೆ ಹಿಡಿದಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ಆಕ್ರಮಿಸಿದೆ. ಆ ಶರಭದ ಮೇಲೆ ಗಂಡಭೇರುಂಡ ಬಂದೆರಗಿದೆ. ಒಂದರ ಬಾಯಲ್ಲಿ ಇನ್ನೊಂದು, ಅದರ ಬಾಯಲ್ಲಿ ಮತ್ತೊಂದು. ಪ್ರತಿಯೊಂದೂ ತಾನು ಗೆದ್ದೆನೆಂದು ಭಾವಿಸಿದ ಗಳಿಗೆಯಲ್ಲಿಯೇ ಸೋಲುತ್ತಿದೆ. ಪಕ್ಕದಲ್ಲಿ ಒಬ್ಬ ತಪಸ್ವಿ ನಿಂತು ಈ ನೋಟವನ್ನು ಬೆರಗಾಗಿ ನೋಡುತ್ತಿದ್ದಾನೆ.

ಇಲ್ಲಿ ಶರಭವನ್ನು ಕುರಿತು ಒಂದೆರಡು ಮಾತು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಹಳೆಯ ಗ್ರಂಥಗಳ ಪ್ರಕಾರ ಶರಭವು ಎಂಟು ಕಾಲುಗಳ, ಸಿಂಹವನ್ನೇ ಕೊಲ್ಲುವ ಕಾಡುಮೃಗ. ಶೈವ ಪುರಾಣಗಳಲ್ಲಿ ಅದು ಇನ್ನೂ ಬೆಳೆಯಿತು. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನ ಉಗ್ರತೆ ಇಳಿಯದೆ ಲೋಕಗಳು ತಲ್ಲಣಿಸಿದಾಗ ಶಿವನು ಸಿಂಹದ ಮೈಗೆ ಹಕ್ಕಿಯ ರೆಕ್ಕೆ ಹಚ್ಚಿದ ಶರಭನಾಗಿ ಬಂದು ಅವನನ್ನು ಅಡಗಿಸಿದನೆಂದು ಕಥೆ. ತಮಿಳುನಾಡಿನ ದಾರಾಸುರದ ಐರಾವತೇಶ್ವರ ಗುಡಿಯಲ್ಲಿ ಈ ಶರಭಮೂರ್ತಿಯಿದೆ. ವೈಷ್ಣವರು ಸುಮ್ಮನಿರುವರೇ? ನರಸಿಂಹನೇ ಗಂಡಭೇರುಂಡನಾಗಿ ಶರಭನನ್ನು ಮಣಿಸಿದನೆಂದು ಅವರು ಕಥೆಯನ್ನು ಮುಂದಕ್ಕೆ ಎಳೆದರು. ಇಬ್ಬರು ಹುಡುಗರು ‘ನಿನಗಿಂತ ನಾನು ಒಂದು ಹೆಚ್ಚು’ ಎಂದು ಜಗಳವಾಡುವ ರೀತಿ ಇದು. ದೇವರ ಹೆಸರಿನಲ್ಲಿ ಭಕ್ತರು ನಡೆಸಿದ ಈ ಪೈಪೋಟಿಯಿಂದ ಶಿಲ್ಪಿಗಳಿಗಂತೂ ಕೈತುಂಬ ಕೆಲಸ ಸಿಕ್ಕಿತು. ಕರ್ನಾಟಕದ ಮುದ್ರೆಯಲ್ಲಿ ಭೇರುಂಡದ ಎರಡು ಪಕ್ಕಗಳಲ್ಲಿ ನಿಂತಿರುವ, ಆನೆಯ ತಲೆ ಸಿಂಹದ ಮೈ ಇರುವ ಮೃಗಗಳನ್ನೂ ಶರಭಗಳೆಂದೇ ಕರೆಯುತ್ತಾರೆ. ಹೆಸರು ಒಂದೇ ಆದರೂ ಪುರಾಣದ ರೆಕ್ಕೆಯ ಶರಭ ಬೇರೆ, ಮುದ್ರೆಯ ಸೊಂಡಿಲಿನ ಶರಭ ಬೇರೆ. ಬೇಲೂರಿನಲ್ಲಿ ಒಂದನ್ನೊಂದು ನುಂಗಲು ಹವಣಿಸಿದ ಆನೆ, ಸಿಂಹಗಳು ಮುದ್ರೆಯಲ್ಲಿ ಒಂದೇ ಮೈಯಾಗಿ, ಭೇರುಂಡದ ಕಾವಲಿಗೆ ನಿಂತಿರುವುದು ಸಂತೋಷದ ವಿಷಯ.

ಮಕ್ಕಳು ಬಹಳ ಹೊತ್ತು ಆ ಶಿಲ್ಪದ ಮುಂದೆ ನಿಂತಿದ್ದರು. ಏಳನೆಯ ತರಗತಿಯ ಒಬ್ಬ ಬಾಲಕಿ ಹಾವಿನಿಂದ ಮೊದಲುಗೊಂಡು ಒಂದೊಂದನ್ನೇ ಬೆರಳಿನಿಂದ ಎಣಿಸಿ, ಕೊನೆಗೆ, “ಹಾಗಾದ್ರೆ ಈ ಗಂಡಭೇರುಂಡನ್ನ ಕೊಲ್ಲೋದು ಯಾರು ಸಾರ್?” ಎಂದು ಕೇಳಿದಳು.

ಕಲ್ಲಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸರಪಣಿ ಅಲ್ಲಿಗೆ ಮುಗಿದಿತ್ತು. ಅದಕ್ಕಿಂತ ಬಲವಾದ ಮೃಗವನ್ನು ಶಿಲ್ಪಿ ಕಲ್ಪಿಸಿರಲಿಲ್ಲ. ಉತ್ತರವಿರುವುದು ಕಥೆಯಲ್ಲಿ ಎಂದು ಹೇಳಿ, ಗುಡಿಯ ಅಂಗಳದ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡೆವು.

ಕೊಂದವರು ಯಾರು?

ಕಥೆ ಪಂಚತಂತ್ರದ್ದು. ಕನ್ನಡಕ್ಕೂ ಪಂಚತಂತ್ರಕ್ಕೂ ಹಳೆಯ ನಂಟು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿಯೇ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದನು. ಬಳ್ಳಿಗಾವೆಯ ಜಗದೇಕಮಲ್ಲೇಶ್ವರ ದೇವರಿಗೆ ಹೆಸರು ಬಂದದ್ದು ಆ ಅರಸನಿಂದಲೇ. ದುರ್ಗಸಿಂಹನು ಅನುಸರಿಸಿದ್ದು ವಸುಭಾಗಭಟ್ಟನ ಪಾಠವನ್ನು. ನಾವು ಹೇಳಿದ ಕಥೆಯಾದರೋ ವಿಷ್ಣುಶರ್ಮನ ಹೆಸರಿನಲ್ಲಿ ಬಳಕೆಯಲ್ಲಿರುವ ಸಂಸ್ಕೃತ ಪಂಚತಂತ್ರದ್ದು.

ಒಂದು ಸರೋವರದ ಬಳಿ ಭಾರುಂಡವೆಂಬ ಹಕ್ಕಿಯಿತ್ತು. ಅದಕ್ಕೆ ಕೊರಳು ಎರಡು, ಹೊಟ್ಟೆ ಒಂದು. ಒಂದು ದಿನ ಅಲೆಯುತ್ತಿದ್ದಾಗ ಮೊದಲನೆಯ ತಲೆಗೆ ಅಮೃತದಂತಹ ಹಣ್ಣೊಂದು ಸಿಕ್ಕಿತು. ತಿನ್ನುತ್ತ ಅದರ ರುಚಿಯನ್ನು ಬಾಯ್ತುಂಬ ಹೊಗಳಿತು. ಎರಡನೆಯ ತಲೆ, “ನನಗೂ ತುಸು ಕೊಡು, ನಾಲಗೆಯ ಸುಖ ನಾನೂ ತಿಳಿಯುವೆ” ಎಂದು ಕೇಳಿತು. ಮೊದಲನೆಯದು ನಕ್ಕು, “ನಮ್ಮ ಹೊಟ್ಟೆ ಒಂದೇ ತಾನೇ? ನಾನು ತಿಂದರೂ ತೃಪ್ತಿ ಇಬ್ಬರಿಗೂ ಆಗುತ್ತದೆ” ಎಂದು ಹೇಳಿ, ಉಳಿದ ಹಣ್ಣನ್ನು ತನ್ನ ಹೆಂಡತಿಗೆ ಕೊಟ್ಟಿತು. ಅಂದಿನಿಂದ ಎರಡನೆಯ ತಲೆ ಮುಖ ಬಾಡಿಸಿಕೊಂಡೇ ಇತ್ತು. ಮತ್ತೊಂದು ದಿನ ಅದಕ್ಕೆ ವಿಷದ ಹಣ್ಣು ಸಿಕ್ಕಿತು. “ನನ್ನನ್ನು ಕೀಳಾಗಿ ಕಂಡೆಯಲ್ಲ, ಇಗೋ ಇದನ್ನು ತಿನ್ನುತ್ತೇನೆ” ಎಂದಿತು. ಮೊದಲನೆಯ ತಲೆ, “ಬೇಡ, ಇಬ್ಬರೂ ಸಾಯುತ್ತೇವೆ” ಎಂದು ಗೋಗರೆಯಿತು. ಅವಮಾನದ ಉರಿಯಲ್ಲಿ ಎರಡನೆಯದು ಕೇಳಲಿಲ್ಲ, ತಿಂದಿತು. ಎರಡು ತಲೆಗಳೂ ಒಟ್ಟಿಗೆ ಬಾಡಿದವು.

ಆನೆಯನ್ನು ಉಗುರಲ್ಲಿ ಎತ್ತಿದ ಹಕ್ಕಿಯನ್ನು, ಶರಭನನ್ನು ಮಣಿಸಿದ ಹಕ್ಕಿಯನ್ನು, ಹೊರಗಿನ ಯಾವ ಬಲವೂ ಕೊಲ್ಲಲಾರದು. ಅದನ್ನು ಕೊಲ್ಲಬಲ್ಲದ್ದು ಅದರ ಎರಡು ತಲೆಗಳ ಮುನಿಸು ಮಾತ್ರ. ಶಿಲ್ಪಿಗಳು ಈ ಹಕ್ಕಿಯ ಬಲವನ್ನು ತೋರಿದರು. ಕಥೆಗಾರರು ಅದರ ಪ್ರಾಣ ಎಲ್ಲಿದೆ ಎಂಬುದನ್ನು ತೋರಿದರು. ಎರಡನ್ನೂ ಕೂಡಿಸಿ ಓದಿದಾಗಲೇ ಗಂಡಭೇರುಂಡದ ಅರ್ಥ ಪೂರ್ಣವಾಗುವುದು.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ವಿಷ ತಿಂದ ತಲೆಯನ್ನು ಎಲ್ಲರೂ ದೂಷಿಸುತ್ತಾರೆ. ಮಕ್ಕಳೂ ಹಾಗೆಯೇ ದೂಷಿಸಿದರು. ಆದರೆ ಅನರ್ಥವು ಮೊದಲಾದದ್ದು ವಿಷದ ಹಣ್ಣಿನಿಂದಲ್ಲ, ಸಿಹಿ ಹಣ್ಣಿನಿಂದ. ‘ಹೊಟ್ಟೆ ಒಂದೇ ತಾನೇ’ ಎಂಬ ಮಾತು ಕೇಳಲು ಸತ್ಯ, ಆಡಿದ ಬಗೆಯಲ್ಲಿ ಮೋಸ. ಹೊಟ್ಟೆ ಒಂದೇ ಆದರೂ ನಾಲಗೆಗಳು ಎರಡು. ಪ್ರತಿಯೊಂದು ನಾಲಗೆಗೂ ತನ್ನ ರುಚಿಯ ಹಕ್ಕಿದೆ.

ಗಡಿನಾಡಿನ ಎರಡು ನಾಲಗೆ

‘ನಾಲಗೆ’ ಎಂದೊಡನೆ ನಮ್ಮ ಮನಸ್ಸಿಗೆ ಬಂದದ್ದು ನುಡಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ಮಡಕಶಿರಾ, ರಾಯದುರ್ಗ, ಆದೋನಿಗಳು ಅತ್ತ ಉಳಿದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು; ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಅಂದಿನಿಂದ ನಾವೆಲ್ಲರೂ ಒಂದು ರೀತಿಯಲ್ಲಿ ಭೇರುಂಡಗಳೇ. ಅರ್ಜಿ ಬರೆಯುವಾಗ ಒಂದು ನುಡಿ, ಹರಕೆ ಹೊರುವಾಗ ಒಂದು ನುಡಿ. ಸಂತೆಯ ಲೆಕ್ಕ ಒಂದರಲ್ಲಿ, ಸೋಬಾನೆಯ ಪದ ಇನ್ನೊಂದರಲ್ಲಿ. ನಮ್ಮ ಸೀಮೆಯ ಮಗು ಅಂಗಳದಲ್ಲಿ ತೆಲುಗಿನಲ್ಲಿ ಆಡಿ, ಎಡವಿ ಬಿದ್ದರೆ ಕನ್ನಡದಲ್ಲಿ ಅಳುತ್ತದೆ.

ಈ ಎರಡು ತಲೆಗಳಲ್ಲಿ ಒಂದನ್ನು ಉಪವಾಸವಿಡುವ ಪ್ರವೃತ್ತಿಯನ್ನು ನಾವು ಎರಡು ಬಗೆಯಲ್ಲಿ ಕಂಡಿದ್ದೇವೆ. ರಾಜ್ಯದ ನುಡಿಯನ್ನು ಕಲಿಯುವುದೇ ಕನ್ನಡಕ್ಕೆ ದ್ರೋಹವೆಂದು ತಿಳಿಯುವ ಹಿರಿಯರು ಕೆಲವರು. ಅಂಥವರ ಮಕ್ಕಳು ತಾವು ಬಾಳುವ ಊರಿನ ಕಚೇರಿಯಲ್ಲಿಯೇ ಪರಕೀಯರಾಗಿ ನಿಲ್ಲುತ್ತಾರೆ. ಇನ್ನೊಂದು ಬಗೆ ಇಂದು ಹೆಚ್ಚು. ‘ಕನ್ನಡದಿಂದ ಉದ್ಯೋಗ ಸಿಕ್ಕೀತೇ ಮೇಷ್ಟ್ರೇ? ಹೊಟ್ಟೆಯ ಪಾಡು ನಡೆಯಬೇಕಲ್ಲ’ ಎಂದು ಮಗುವನ್ನು ಕನ್ನಡ ತರಗತಿಯಿಂದ ಬಿಡಿಸಿಕೊಂಡು ಹೋಗುವ ತಂದೆತಾಯಿಯರು. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಅವರ ಮಾತನ್ನು ಕೇಳುವಾಗಲೆಲ್ಲ ಮೊದಲನೆಯ ತಲೆಯ ಮಾತೇ ನೆನಪಾಗುತ್ತದೆ: ಹೊಟ್ಟೆ ಒಂದೇ ತಾನೇ? ಹೊಟ್ಟೆಯ ಹೆಸರಿನಲ್ಲಿ ಒಂದು ನಾಲಗೆಯನ್ನು ಕಟ್ಟಿಹಾಕುವ ಈ ನ್ಯಾಯವೇ ಮುಂದೆ ವಿಷಕ್ಕೆ ದಾರಿಯಾಗುವುದು. ಅಜ್ಜಿಯ ಕಥೆ ಅರ್ಥವಾಗದ ಮೊಮ್ಮಗ, ಮಗನ ಪತ್ರ ಓದಲಾಗದ ತಾಯಿ, ಮನೆಯೊಳಗೇ ಗಡಿ ಬಿದ್ದಂತಹ ಮೌನ, ಇವು ಆ ವಿಷದ ಹಣ್ಣುಗಳು.

ನಮ್ಮ ಹಿರಿಯರು ಹೀಗಿರಲಿಲ್ಲ. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳ ಪದ್ಯಗಳೂ ಇವೆ. ಪಂಪನ ವಂಶದ ವಿವರಗಳು ಕನ್ನಡಿಗರಿಗೆ ದೊರೆತದ್ದು ಆ ಬಂಡೆಯಿಂದ. ತೆಲುಗರಿಗೆ ತಮ್ಮ ಅತ್ಯಂತ ಹಳೆಯ ಕಂದಪದ್ಯಗಳಲ್ಲಿ ಕೆಲವು ದೊರೆತದ್ದೂ ಅದೇ ಬಂಡೆಯಿಂದ. ಒಂದೇ ಕಲ್ಲು ಎರಡು ನುಡಿಗಳ ಹೊಟ್ಟೆಯನ್ನೂ ತುಂಬಿತು. ಕನ್ನಡ, ತೆಲುಗು ಲಿಪಿಗಳೇ ಒಂದು ಹಳೆಯ ಲಿಪಿಯಿಂದ ಕವಲೊಡೆದವು ಎಂಬುದನ್ನು ಕಪ್ಪುಹಲಗೆಯ ಮೇಲೆ ಅಕ್ಷರಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಮೂರನೆಯ ತರಗತಿಯ ಮಗುವಿಗೂ ತಿಳಿಯುತ್ತದೆ.

ಕಾನೂನೂ ನಮ್ಮ ಕಡೆಗಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಪ್ರತಿಯೊಂದು ರಾಜ್ಯಕ್ಕೂ ವಿಧಿಸುತ್ತದೆ. ಪಾಠಪುಸ್ತಕ ತಡವಾದಾಗ, ಉಪಾಧ್ಯಾಯರ ಹುದ್ದೆ ಬರಿದಾಗಿ ಉಳಿದಾಗ ಈ ವಿಧಿಯನ್ನು ನೆನಪಿಸಿ, ಆಯಾ ರಾಜ್ಯದ ನುಡಿಯಲ್ಲಿಯೇ ತಪ್ಪಿಲ್ಲದೆ ಮನವಿ ಬರೆಯಬಲ್ಲ ಮಕ್ಕಳು ನಮ್ಮಲ್ಲಿ ಬೆಳೆಯಬೇಕು. ಒಂದು ತಲೆ ಇನ್ನೊಂದಕ್ಕೆ ಹಣ್ಣು ತಂದುಕೊಡುವ ಬಗೆ ಇದು. ಆದರೆ ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ಯಾವ ವಿಧಿ ಏನು ಮಾಡೀತು? ಸೌಕರ್ಯ ಕೊಡುವುದು ಸರ್ಕಾರದ ಹೊಣೆ. ಮಗುವನ್ನು ಕಳಿಸುವುದು ಮನೆಯ ಹೊಣೆ.

ನಮ್ಮ ವಾಚಕ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಬಿಡುವು ದೊರೆತಾಗ ಮಕ್ಕಳೊಡನೆ ಒಮ್ಮೆ ಬಳ್ಳಿಗಾವೆಗೂ ಬೇಲೂರಿಗೂ ಹೋಗಿ ಬನ್ನಿರಿ. ಕಂಬವನ್ನು ತೋರಿಸಿರಿ, ಸರಪಣಿಯನ್ನು ತೋರಿಸಿರಿ, ಬಳಿಕ ಆ ಹಣ್ಣಿನ ಕಥೆಯನ್ನು ತಪ್ಪದೆ ಹೇಳಿರಿ. ಅಷ್ಟು ದೂರ ಹೋಗಲಾಗದವರು ದ್ವಾದಶಿಗೋ ಅಮಾವಾಸ್ಯೆಗೋ ಎಂದು ಕಾಯದೆ ಇಂದೇ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿರಿ. ಕನ್ನಡದಲ್ಲಿ ಹೇಳಿರಿ, ಮರುದಿನ ಮಗು ಅದನ್ನು ನೆರೆಮನೆಯ ಗೆಳೆಯನಿಗೆ ಅವನ ನುಡಿಯಲ್ಲಿ ಹೇಳಲಿ.